ಎಡಗಿವಿಗೆ ಬಿದ್ದ ಕೋಲಿನ ಏಟು

ಎರಡು ಸಲ ಹಾಡು ತಪ್ಪಿತ್ತು. ಹಾಡುವಾಕೆಗೆ ಅರವತ್ತೆಂಟು ವರ್ಷ. ಹಾಡು ಬರೆದವಳೂ ಅವಳೇ, ರಾಗ ಹಾಕಿದವಳೂ ಅವಳೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕಂಡವರ ಮಾತಿಗೆ ತಂತಿ ಜೋಡಿಸಿದವಳು. ದಿನಾ ಕೆಲಸ ಮುಗಿಸಿ ಬರುವಾಗ ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಂತು ಲ್ಯಾಟಿನ್ ಹಾಡು ಕೇಳಿ ಕೇಳಿ, ಆ ತಾಳ ಅವಳ ಕಾಲಿಗೆ ಹತ್ತಿಬಿಟ್ಟಿತ್ತು. ಈಗ ಅದೇ ತಾಳಕ್ಕೆ ಎಂಟು ಹಾಡು ಕಟ್ಟಿ ಆಲ್ಬಮ್ ಮಾಡಲು ಸ್ಟುಡಿಯೋಗೆ ಬಂದಿದ್ದಳು.

ತಾಳ ಹಿಡಿಯುವುದು ಎರಡು ಗಿಡ್ಡ ಮರದ ಕೋಲು. ಮೊದಲು ಮೂರು ಏಟು, ಆಮೇಲೆ ಎರಡು. ಎರಡರ ಕಡೆ ಹಾಡು ಎತ್ತಬೇಕು. ಮೂರರ ಕಡೆ ಎತ್ತಿದರೆ ಎತ್ತು ಏರಿಗೆ, ಕೋಣ ನೀರಿಗೆ. ಕೋಲು ಹೊಡೆಯುವವಳು ತಂಗಿ. ಮನೆಯಲ್ಲಿ ಇವಳು ತಂಗಿಯ ಕೈ ನೋಡಿಕೊಂಡೇ ಹಾಡುತ್ತಿದ್ದಳು. ಇಲ್ಲಿ ಸದ್ದು ಬೆರೆಯಬಾರದೆಂದು ತಂಗಿಯನ್ನು ಗೋಡೆಯಾಚೆ ಕೂರಿಸಿದ್ದರು. ಹೆಡ್‌ಫೋನಿನಲ್ಲಿ ಶ್ರುತಿ ಕೊಡುವ ಗಿಟಾರು ಬಲಗಿವಿಗೆ, ಕೋಲು ಎಡಗಿವಿಗೆ. ಆ ಎಡಗಿವಿ ಪೂರಾ ಸತ್ತು ಎರಡು ವರ್ಷ. ಎಕ್ಸ್‌ಚೇಂಜಿನ ಫೋನು ಅದನ್ನು ಆಗಲೇ ಅರ್ಧ ತಿಂದುಹಾಕಿತ್ತು. ತಂಗಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ.

ರೆಕಾರ್ಡಿಂಗ್ ಮಾಡುವವನು ಇನ್ನೊಂದು ಸಲ ನೋಡೋಣ ಅಂದ. ಆಗದಿದ್ದರೆ ಬೇರೆ ಹುಡುಗಿಯಿಂದ ಹಾಡಿಸೋಣ, ಹೆಸರು ನಿಮ್ಮದೇ ಇರುತ್ತೆ ಅಂತ ಮೆತ್ತಗೆ ಸೇರಿಸಿದ.

ತಂಗಿ ನೀರು ಕೊಡುವ ನೆಪದಲ್ಲಿ ಬಂದಳು. "ಹೇಳಿಬಿಡೇ ಅಕ್ಕ."

"ಕಿವುಡಿ ಹಾಡ್ತಾಳೆ ಅಂದ್ರೆ ಯಾರೇ ಕೇಳ್ತಾರೆ?"

"ಹಾಡೋದು ಬಾಯಲ್ಲಿ ತಾನೇ? ನಿನ್ನ ಹಟಕ್ಕೂ ಒಂದು ಕಿವಿ ಕೊಡಬೇಕಿತ್ತು ದೇವರು."

ತಂಗಿ ಹೋದಮೇಲೆ ಅವಳು ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಂಡಳು. ಕೋಲು ಟಕ್ಕೆಂದು ಒಳಗೆ ಬಂತು. ಗಿಟಾರು ಪೂರಾ ಹೋಯಿತು. ಅತ್ತ ದರಿ, ಇತ್ತ ಪುಲಿ. ಮೂರು ಏಟು ಬಿದ್ದವು. ತುಟಿ ಬಿಗಿಹಿಡಿದಳು. ಎರಡರ ಮೇಲೆ ಸರಿಯಾಗಿ ಎತ್ತಿದಳು. ಆದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಶ್ರುತಿ ಜಾರಿತು. ಅವಳಿಗೇ ಗೊತ್ತಾಯಿತು.

ಅವನು ಒಳಗೆ ಬಂದ. ತಾಳ ಸರಿಹೋಯ್ತು, ಶ್ರುತಿ ಹೋಯ್ತು ಅನ್ನುತ್ತಿದ್ದವನು ಅವಳ ತಲೆಯ ಮೇಲಿನ ಹೆಡ್‌ಫೋನ್ ತಿರುಗಿರುವುದನ್ನು ನೋಡಿ ಅದರತ್ತ ಬೆರಳು ತೋರಿಸಿದ. ಮರೆತು ತಿರುಗಿಸಿದೆ ಅನ್ನಬಹುದಿತ್ತು. ಆ ಮಾತು ನಾಲಿಗೆ ತುದಿಗೂ ಬಂದಿತ್ತು. ಇನ್ನೂ ಏಳು ಹಾಡು ಬಾಕಿ ಇದ್ದವು.

"ಎಡಗಿವಿ ಕೇಳಲ್ಲಪ್ಪ," ಅಂದಳು. "ಎರಡು ವರ್ಷದಿಂದ."

ಅವನು ಅವಳನ್ನೇ ನೋಡಿದ.

"ಇಷ್ಟೇನಾ ಅಮ್ಮ? ಎರಡನ್ನೂ ಬಲಗಿವಿಗೇ ಹಾಕ್ತೀನಿ."

ಅವಳು ಹೆಡ್‌ಫೋನನ್ನು ಮತ್ತೆ ಸರಿಯಾಗಿ ಹಾಕಿಕೊಂಡಳು. ಅವನು ಹೋಗಿ ಒಂದು ಗುಂಡಿ ತಿರುಗಿಸಿದ. ಗಿಟಾರು ಬಂತು, ಅದರ ಜೊತೆಗೇ ಕೋಲು. ಗೋಡೆಯಾಚೆ ತಂಗಿ ಮೂರು ಹೊಡೆದಳು. ಅವಳು ಕಾದಳು. ಎರಡರ ಮೇಲೆ ಹಾಡು ಎತ್ತಿದಳು.