ನಮ್ಮ ಬೀದಿಯ ಸೀಸದ ಹೊಗೆ

ರಾಜೀವನಗರದ ನಮ್ಮ ಮನೆಯ ಹಿಂದೆ ತಗಡಿನ ಶೆಡ್ ಎದ್ದಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಹಳೇ ಬ್ಯಾಟರಿ ಒಡೆದು ಅದರೊಳಗಿನ ಸೀಸ ಕರಗಿಸುವ ಕೆಲಸ ಅಲ್ಲಿ. ಕುಲುಮೆ ಹೊತ್ತಿಸಿದರೆ ಬಾಯೆಲ್ಲ ಒಂಥರಾ ಸಿಹಿಯಾಗುತ್ತಿತ್ತು. ತಾರಸಿಯಲ್ಲಿ ಹರವಿದ ಹಪ್ಪಳದ ಮೇಲೆ ಬೂದುಬಣ್ಣದ ಪುಡಿ ಕೂರುತ್ತಿತ್ತು. ಬರೀ ಧೂಳೆಂದುಕೊಂಡು ಅತ್ತೆ ಸೆರಗಿನಲ್ಲಿ ಒರೆಸಿ ಡಬ್ಬಿಗೆ ತುಂಬುತ್ತಿದ್ದರು.

ಮಗಳು ಸ್ಕೂಲಿಗೆ ಸೇರಿದ ಮೇಲೆ ಪದೇಪದೇ ಹೊಟ್ಟೆನೋವು. ಮಗ್ಗಿ ಹೇಳುತ್ತಾ ಹೇಳುತ್ತಾ ಮರೆತು ಅಳುತ್ತಿದ್ದಳು. ಜಂತುಹುಳದ ಔಷಧಿ ಆಯಿತು, ದೃಷ್ಟಿ ತೆಗೆದಿದ್ದೂ ಆಯಿತು. ಕೊನೆಗೆ ಮಕ್ಕಳ ಡಾಕ್ಟರೊಬ್ಬರು, "ಮನೆ ಹತ್ರ ಬ್ಯಾಟರಿ ಕೆಲಸ ಏನಾದ್ರೂ ನಡೆಯುತ್ತೇನಮ್ಮ?" ಎಂದು ಕೇಳಿ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಕ್ತದಲ್ಲಿ ಸೀಸ ಇತ್ತು.

ಮನೆಗೆ ಬಂದು ಹೇಳಿದೆ. ಅತ್ತೆ ಡಬ್ಬಿ ಕೆಳಗಿಳಿಸಿದರು. ಹಪ್ಪಳವನ್ನೆಲ್ಲ ಕಸಕ್ಕೆ ಸುರಿದರು. ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ ಶೆಡ್ಡಿನ ಗೇಟಿಗೆ ಅಡ್ಡ ಹಾಕಿ ಕೂತರು. ಬ್ಯಾಟರಿ ತುಂಬಿದ ಟೆಂಪೋ ಎದುರಿಗೇ ಹಾರ್ನ್ ಹೊಡೆಯುತ್ತಾ ನಿಂತಿತು. ಮಾಲೀಕ ಹೊರಗೆ ಬಂದ.

"ಹೊಗೆ ಆಗ್ದಿದ್ರೆ ಮನೆ ಬದಲಾಯಿಸ್ಕೊಳ್ಳಿ ಅಜ್ಜಿ."

"ನಾವು ಸೈಟು ತಕ್ಕೊಂಡಾಗ ನೀನೂ ಇರ್ಲಿಲ್ಲ, ನಿನ್ನೊಲೆನೂ ಇರ್ಲಿಲ್ಲ ಕಣಪ್ಪ. ಆಮೇಲ್ ಬಂದೋನು ನೀನು. ನೀನೇ ಒಂಟೋಗು."

ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ನನ್ನ ಮೇಲೇ ಸಿಟ್ಟು ಬಂದು ನಾನೂ ಒಂದು ಸ್ಟೂಲು ತಂದೆ. ಮರುದಿನ ಬೀದಿಯ ಹೆಂಗಸರೆಲ್ಲ ಬಂದರು. ಕೆಲಸದವರ ಹೊಟ್ಟೆ ಮೇಲೆ ಹೊಡೀತಿದ್ದೀರ ಎಂದು ಮಾಲೀಕ ಕೂಗಾಡಿದ. ಆಗ ಒಳಗೆ ಬ್ಯಾಟರಿ ಒಡೆಯುತ್ತಿದ್ದ ಒಬ್ಬಳು ಕೈ ಒರೆಸಿಕೊಳ್ಳುತ್ತಾ ಬಂದು, "ನನ್ ಮಗೀಗೂ ಇಂಗೇ ಒಟ್ಟೆನೋವು ಕಣಕ್ಕ. ಆ ಪರೀಕ್ಷೆ ಎಲ್ ಮಾಡ್ತಾರೆ?" ಎಂದು ಕೇಳಿ ನಮ್ಮ ಪಕ್ಕದಲ್ಲೇ ಕೂತಳು. ಮಾಲೀಕ ಶೆಡ್ಡಿನೊಳಕ್ಕೆ ಹೊರಟುಹೋದ. ನಾವು ಕೊಟ್ಟ ದೂರಿನ ಮೇಲೆ ಮಾಲಿನ್ಯ ಮಂಡಳಿಯ ಅಧಿಕಾರಿಗಳು ಬಂದು ಮಣ್ಣು, ಧೂಳು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಶೆಡ್ಡಿಗೆ ಬೀಗ ಬಿತ್ತು.

ಮಗಳ ರಕ್ತದಲ್ಲಿನ ಸೀಸ ವರ್ಷದಿಂದ ವರ್ಷಕ್ಕೆ ಇಳಿಯಿತು. ಕಾಲೇಜೊಂದರವರು ನಮ್ಮ ತಾರಸಿಯಲ್ಲಿ ಗಾಳಿ ಅಳೆಯುವ ಯಂತ್ರ ಇಟ್ಟು ಹಲವು ವರ್ಷ ನೋಡಿದರು. ಗಾಳಿಯಲ್ಲಿ ಸೀಸ ಕಡಿಮೆಯಾಗಿದೆ, ಮಣ್ಣಿನಲ್ಲಿ ಮಾತ್ರ ಹಾಗೇ ಇದೆ ಎಂದರು. ಒಂದು ಕಾಲಕ್ಕೆ ಪೆಟ್ರೋಲಿನಲ್ಲೂ ಸೀಸ ಇತ್ತಂತೆ. ಸ್ಕೂಟರಿನ ಹಿಂದೆ ಕೂತು ಆ ಹೊಗೆಯನ್ನೂ ಕುಡಿದೇ ನಾನು ಬೆಳೆದಿದ್ದೇನೆ. ಅಂಗಳದ ಮೇಲ್ಮಣ್ಣು ತೆಗೆಸಿ ಕಾಂಕ್ರೀಟು ಹಾಕಿಸಿದೆವು. ಮನೆ ಮಾರಿ ಚಾಮರಾಜಪುರಂಗೆ ಬನ್ನಿ ಎಂದು ನೆಂಟರು ಈಗಲೂ ಹೇಳುತ್ತಾರೆ. ನಾನು ಹೋಗುವುದಿಲ್ಲ.

ಈಚೆಗೆ ಅದೇ ಮಾಲೀಕ ಊರಾಚೆಯ ಹಳ್ಳಿಯೊಂದರಲ್ಲಿ ಕುಲುಮೆ ಹಾಕಿದ್ದಾನೆಂದು ಸುದ್ದಿ ಬಂತು. "ನಮ್ ತೊಂದ್ರೆ ತೀರ್ತಲ್ಲ, ಬುಟ್ಬುಡಿ" ಎಂದರು ಪಕ್ಕದ ಮನೆಯವರು. "ಅಲ್ಲಿರೋವು ಮಕ್ಕಳಲ್ವಾ?" ಎಂದು ಅತ್ತೆ ಮಂಡಿನೋವು ಹೊತ್ತುಕೊಂಡೇ ಬಸ್ ಹತ್ತಿದರು. ಹಿಂದೆ ನಾನು, ಬ್ಯಾಟರಿ ಒಡೆಯುತ್ತಿದ್ದ ಆಕೆ, ಮಗಳು.

ಹಳ್ಳಿಯ ಆ ಶೆಡ್ ಇನ್ನೂ ಮುಚ್ಚಿಲ್ಲ. ಭಾನುವಾರ ಬಂದರೆ ಹೊರಡುತ್ತೇವೆ. ಸೀಸದಿಂದ ಏನಾಗುತ್ತೆ ಎಂದು ಅಲ್ಲಿನ ತಾಯಂದಿರು ಕೇಳಿದರೆ ನಾನು ಬಾಯಿ ತೆಗೆಯುವ ಮೊದಲೇ ಮಗಳು ಮುಂದೆ ಬಂದು, "ನಂಗೇನಾಯ್ತು ಅಂತ ನಾನೇ ಹೇಳ್ತೀನಿ, ಕೂತ್ಕೊಳ್ಳಿ" ಎನ್ನುತ್ತಾಳೆ.