ಮಾಳಿಗೆಯ ಮೇಲೆ ಬಿದ್ದ ಕಾಗೆ

ಸುಮಾ, ಅಪ್ಪನ ಮೊದಲ ವರ್ಷದ ಶ್ರಾದ್ಧದ ದಿನ ಕಾಗೆ ಎಡೆ ಮುಟ್ಟದಿದ್ದುದಕ್ಕೆ ಕಾರಣ ನೀನಲ್ಲ. ಕಾರಣ ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ. ನಿನ್ನೆ ಫೋನಿನಲ್ಲಿ ಅರ್ಧ ಹೇಳಿದೆ. ಉಳಿದರ್ಧ ಇಲ್ಲಿದೆ.

ಅಂದು ಬೆಳಿಗ್ಗೆ ಮಾಳಮಡ್ಡಿಯ ಮನೆಯ ಮಾಳಿಗೆ ತೊಳೆಯಲು ನಾನೊಬ್ಬನೇ ಹತ್ತಿದ್ದೆ. ಪಕ್ಕದ ಕಂಬದ ತಂತಿಯ ಮೇಲೆ ಕುಳಿತಿದ್ದ ಕಾಗೆ ರೆಕ್ಕೆ ಬಿಚ್ಚಿತು. ರೆಕ್ಕೆ ಇನ್ನೊಂದು ತಂತಿಗೆ ತಗಲಿತು. ಫಟ್ಟೆಂದು ಸದ್ದಾಗಿ ನನ್ನ ಕಾಲ ಬಳಿಯೇ ಬಿತ್ತು. ಶ್ರಾದ್ಧದ ದಿನ ಮನೆಯ ಮೇಲೆ ಸತ್ತ ಕಾಗೆ — ಆಚಾರ್ಯರಿಗೆ ತಿಳಿದರೆ ಶಾಂತಿ, ಮತ್ತೆ ಮಡಿ, ಮತ್ತೆ ಅಡುಗೆ... ಹಳೆಯ ಪೇಪರಿನಲ್ಲಿ ಸುತ್ತಿ ಓಣಿಯ ಕಸದ ತೊಟ್ಟಿಗೆ ಹಾಕಿ ಬಂದೆ.

ತಮ್ಮಲ್ಲೊಂದು ಸತ್ತ ಜಾಗಕ್ಕೆ ಕಾಗೆಗಳು ಸುಲಭಕ್ಕೆ ಇಳಿಯುವುದಿಲ್ಲ. ಮಧ್ಯಾಹ್ನ ಅಲ್ಲೇ ಎಡೆ ಇಟ್ಟೆವು. ಅವು ಎದುರಿನ ಬೇವಿನ ಮರದಲ್ಲಿ ಕುಳಿತು ಕೂಗಿದವೇ ಹೊರತು ಬರಲಿಲ್ಲ. ಹಸಿದ ನೆಂಟರು ಆಕಾಶ ನೋಡಿ ನೋಡಿ ಕೊನೆಗೆ ನಿನ್ನನ್ನು ನೋಡಿದರು — ಅಪ್ಪನ ಮಾತು ಮೀರಿ ಬೇರೆ ಜಾತಿಯವನನ್ನು ಮದುವೆಯಾದ ಮಗಳು, ಅವರು ಸಾಯುವವರೆಗೂ ಮಾತಾಡಿಸದ ಮಗಳು. ಕಾಕಾ ಮೆಲ್ಲಗೆ ಅಂದರು:

"ಅಣ್ಣನ ಸಿಟ್ಟು ಇನ್ನೂ ಇಳದಿಲ್ಲ. ಸುಮಾ, ನೀ ಸ್ವಲ್ಪ ಹೊರಗ ಹೋಗಿ ನಿಂದರು."

ನೀನು ಇಳಿದು ಹೋದೆ. ನಾನು ಎಡೆಯನ್ನು ಹಿತ್ತಲ ಬಾವಿಕಟ್ಟೆಗೆ ಒಯ್ದಿಟ್ಟೆ. ಕಾಗೆ ಬಂತು. ಎಲ್ಲರೂ "ಬಂತು, ಬಂತು" ಎನ್ನುತ್ತ ಕೈಮುಗಿದರು. ಗೇಟಿನ ಹೊರಗೆ ನಿಂತಿದ್ದ ನಿನಗೂ ಆ ಗದ್ದಲ ಕೇಳಿಸಿತು.

ಆಗ ಒಂದು ಮಾತು ಸಾಕಿತ್ತು. ಮತ್ತೆ ಅಡುಗೆ ಮಾಡಿಸಬೇಕಾದೀತೆಂಬ ಹೆದರಿಕೆ ಅಷ್ಟೊತ್ತಿಗೆ ಉಳಿದಿರಲಿಲ್ಲ. ಉಳಿದದ್ದು ಬೇರೆ — ಅಪ್ಪ ಸತ್ತ ಮೇಲೂ ನನ್ನ ಕಡೆಗೇ ಇದ್ದಾರೆ ಎಂಬ ಸಣ್ಣ ಖುಷಿ. ಚಿಕ್ಕಂದಿನಿಂದ ಅವರಿಗೆ ನೀನೇ ಮುದ್ದು... ಇದನ್ನೇ ಫೋನಿನಲ್ಲಿ ಹೇಳಲಾಗಲಿಲ್ಲ.

ಆಮೇಲೆ ನೀನು ಯಾವ ಶ್ರಾದ್ಧಕ್ಕೂ ಬರಲಿಲ್ಲ. ಪ್ರತಿವರ್ಷ ಆ ಮಧ್ಯಾಹ್ನ ಸತ್ತೂರಿನಿಂದ ನಿನ್ನ ಫೋನು: "ಕಾಗಿ ಮುಟ್ತೇನೋ ಅಣ್ಣಾ?" ಮುಟ್ಟಿತು ಎನ್ನುತ್ತಿದ್ದೆ. ಅದನ್ನು ಕೇಳಿದ ಮೇಲೆಯೇ ನೀನು ಊಟಕ್ಕೆ ಕೂರುತ್ತಿದ್ದೆ.

ಹೋದ ವಾರ ಅದೇ ಕಂಬದಲ್ಲಿ ಹದ್ದೊಂದು ಸತ್ತಿತು. ಲೈನ್‌ಮನ್ ಬಂದು ತಂತಿಗೆ ಹೊದಿಕೆ ಹಾಕಿ, ಇನ್ನು ಹಕ್ಕಿಗಳಿಗೆ ಭಯವಿಲ್ಲ ಎಂದು ಇಳಿದುಹೋದ. ಅವನ ಕೆಲಸ ಅಷ್ಟಕ್ಕೇ ಮುಗಿಯಿತು. ನನ್ನದು ಬಾಕಿ ಇತ್ತು. ನಿನ್ನೆ ನೀನು ಮತ್ತದೇ ಪ್ರಶ್ನೆ ಕೇಳಿದಾಗ ಬಾಯಿ ಬಿಟ್ಟೆ.

ಅಪ್ಪನ ಸಿಟ್ಟು ಇಳಿದಿತ್ತೋ ಇಲ್ಲವೋ ನಾನು ಹೇಳಲಾರೆ. ಕಾಗೆಗಳಿಗಂತೂ ನಿನ್ನ ಮೇಲೆ ಸಿಟ್ಟಿರಲಿಲ್ಲ.

ಅದನ್ನು ಕೇಳಿ ನೀನು ಬೈಯುತ್ತೀ ಎಂದುಕೊಂಡೆ, ಬೈಗುಳವೇ ಬೇಕಿತ್ತು ನನಗೆ. ನೀನು ಅಂದದ್ದು ಇಷ್ಟೇ:

"ಅಪ್ಪಂದೊಂದು ಫೋಟೋ ಕೊಡೋ. ಅವರಿಗೆ ಸೇರೂದಿಲ್ಲಂತ ನಮ್ಮ ಮನ್ಯಾಗ ಇಟ್ಟೇ ಇಲ್ಲ."

ಹಗುರಾದೆ, ಸುಮಾ — ಹಗುರಾಗುವ ಹಕ್ಕು ನನಗಿದೆಯೋ ಇಲ್ಲವೋ, ಹಗುರಾದೆ.

ನಾಳೆ ಫೋಟೋ ತರುತ್ತೇನೆ. ಅದಕ್ಕೂ ಮೊದಲು ಕಾಕಾನ ಮನೆಗೆ ಹೋಗುತ್ತೇನೆ. ಅವರೂ ಇದನ್ನು ನನ್ನ ಬಾಯಿಂದಲೇ ಕೇಳಲಿ.