ಸಗಣಿ ಗುಂಡಿಯ ಹಾಜರಿ

ನಿಜಾಮರ ಕಾಲದಲ್ಲಿ ಸುರಪುರದ ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ಪೇಶಕಾರರಾಗಿದ್ದ ಭೀಮಸೇನರಾಯರು, ಊರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸಗಣಿ ಗ್ಯಾಸಿನ ಪ್ರಚಾರಾಧಿಕಾರಿಯಾದರು. ಹುದ್ದೆ ಬದಲಾಯಿತು, ಶೇರ್ವಾನಿ ಬದಲಾಗಲಿಲ್ಲ. ಶಹಾಪುರದಿಂದ ವನದುರ್ಗದವರೆಗೆ ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ಗುಂಡ್ಯಾಗ ಕಣ್ಣಿಗಿ ಕಾಣದ ಜೀವ ಅವ. ಪರದಾದಾಗ ಇರೂ ಬೇಗಂ ಇದ್ದಂಗ. ಗಾಳಿ ತಾಗಿತಂದ್ರ ಕೆಲಸಾನ ಮಾಡಂಗಿಲ್ಲ!" ಎಂದು ಭಾಷಣ ಬಿಗಿಯುತ್ತಾರೆ. ಆದರೆ ಕಚೇರಿಯ ಹಳೆಯ ಚಟ, ತಪಾಸಣೆ ಮಾಡದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ದಿನಾ ಬೆಳಿಗ್ಗೆ ತಮ್ಮ ಹಿತ್ತಲಿನ ಗುಂಡಿಯ ಮುಚ್ಚಳ ಎತ್ತಿಸಿ, ಒಳಗೆ ಬಗ್ಗಿ, "ಎಲ್ಲಾರೂ ಹಾಜರ್ ಇದ್ದೀರೇನು?" ಎಂದು ಗದರಿಸುತ್ತಾರೆ, ಗ್ಯಾಸಿನ ಒಲೆ ಹೊತ್ತದಿದ್ದರೆ ಎಮ್ಮೆಯನ್ನು ಬೈಯುತ್ತಾರೆ. ಇತ್ತ ಹೆಂಡತಿ ಗೋದಾಬಾಯಿ ಕುಳ್ಳಿನ ಹೊಗೆಯಲ್ಲೇ ರೊಟ್ಟಿ ಬಡಿದು ಬಡಿದು ಕಣ್ಣು ಕಳೆದುಕೊಂಡಿದ್ದಾರೆ. ಈಚೆಗೆ ರಾಯರು ಜ್ವರ ಬಂದು ವಾರಗಟ್ಟಲೆ ಮಲಗಿದರು. ಮುಚ್ಚಳ ಎತ್ತಿಸುವವರಿಲ್ಲದೆ ಗುಂಡಿಯಲ್ಲಿ ಗ್ಯಾಸು ತುಂಬಿತು. ಎದ್ದವರೇ ಕಡ್ಡಿ ಗೀರಿದರು, ಒಲೆಯಲ್ಲಿ ನೀಲಿ ಉರಿ ಎದ್ದಿತು. "ನೋಡು, ಇದು ನಮ್ಮ ತಪಾಸಣಿ ಫಲ!" ಎಂದು ಮೀಸೆ ತಿರುವಿದರು. ಉರಿಯತ್ತ ಮುಖ ಮಾಡಿ ಕೂತಿದ್ದ ಗೋದಾಬಾಯಿ ಕೇಳಿದರು: "ಹೊಗೀನ ಬರವಲ್ದಲ್ರಿ. ಇನ್ನೂ ಹೊತ್ತಿಲ್ಲೇನು?"